ಕಂಡು ಕೊಡುವ ಕಾಣಿಕೆ: ಗಮನವಿಟ್ಟು ಉಡುಗೊರೆ ಕೊಡುವ ಕ್ರಮ

ಮೂರು ವರ್ಷಗಳ ಹಿಂದೆ, ಸಾಗರ ಪಟ್ಟಣದ ಬಳಿಯ ಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮನಿಗೆ ಗಾಜಿನ ಆರು ಕಪ್ಪುಗಳ ಸೆಟ್ಟೊಂದನ್ನು ಕೊಟ್ಟಿದ್ದೆ. ಬೆಲೆ ಕಡಿಮೆಯದಾಗಿರಲಿಲ್ಲ, ಡಬ್ಬವೂ ಚೆಂದವಿತ್ತು. ‘ಚೆನ್ನಾಗಿದೆ ಕಣೋ’ ಎಂದು ಹೇಳಿ ಅವರು ಅದನ್ನು ಶೋಕೇಸಿನಲ್ಲಿಟ್ಟರು. ಇಂದಿಗೂ ಅದು ಅಲ್ಲೇ ಇದೆ. ಮುಂದಿನ ಬಾರಿ ಹೋದಾಗ, ಫೋನನ್ನು ಒಳಗಿನ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬರಿಗೈಯಲ್ಲಿ ಜಗಲಿಗೆ ಬಂದು ಕುಳಿತಿದ್ದ ಒಂದು ಸಂಜೆ, ಅವರು ಕಾಫಿ ಕುಡಿಯುವುದನ್ನು ನೋಡಿದೆ. ಸ್ಟೀಲ್ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು, ಮೊಣಕೈಗಳನ್ನು ಮಂಡಿಯ ಮೇಲೆ ಊರಿ, ಲೋಟವನ್ನು ಎತ್ತುವ ಬದಲು ತಲೆಯನ್ನೇ ಬಗ್ಗಿಸಿ ತುಟಿಯನ್ನು ಅದರ ಬಳಿಗೆ ಒಯ್ಯುತ್ತಿದ್ದರು. ಕೈ ನಡುಗಲು ಶುರುವಾಗಿ ಆಗಲೇ ಎರಡು ವರ್ಷವಾಗಿತ್ತಂತೆ. ಆ ಎರಡು ವರ್ಷಗಳಲ್ಲಿ ನಾನು ಅವರ ಎದುರಿಗೆ ಕುಳಿತು ಕಾಫಿ ಕುಡಿದದ್ದು ಏನಿಲ್ಲವೆಂದರೂ ಐದಾರು ಬಾರಿ.

ಹಣಕ್ಕೆ ಕೊರತೆ ಇರಲಿಲ್ಲ, ಪ್ರೀತಿಗೂ ಇರಲಿಲ್ಲ. ನಾನು ನೋಡಿರಲಿಲ್ಲ, ಅಷ್ಟೇ. ಏಕಾಗ್ರತೆ ಎಂದ ಕೂಡಲೇ ಪರೀಕ್ಷೆಗೆ ಓದುವ ಮಕ್ಕಳು, ಕಚೇರಿಯ ಗಡುವು ನಮ್ಮ ನೆನಪಿಗೆ ಬರುತ್ತವೆ. ಆದರೆ ಎದುರಿಗೆ ಕುಳಿತಿರುವ ಮನುಷ್ಯರನ್ನು ಸ್ವಲ್ಪ ಹೊತ್ತು ಬೇರೇನೂ ಮಾಡದೆ ನೋಡುವುದಕ್ಕೆ ಬೇಕಾಗಿರುವುದೂ ಅದೇ ಏಕಾಗ್ರತೆ, ಮತ್ತು ಉಡುಗೊರೆಯ ಸಂದರ್ಭದಲ್ಲಿ ಅದು ಇದೆಯೋ ಇಲ್ಲವೋ ಎಂಬುದು ಥಟ್ಟನೆ ಬಯಲಾಗಿಬಿಡುತ್ತದೆ. ಆದ್ದರಿಂದ ದಿನನಿತ್ಯದ ಗಮನವನ್ನು ಗಟ್ಟಿಮಾಡಿಕೊಳ್ಳುವುದನ್ನೂ ಉಡುಗೊರೆ ಕೊಡುವುದನ್ನೂ ಒಂದೇ ಅಭ್ಯಾಸವಾಗಿ ನಡೆಸುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಇದರಲ್ಲಿ ಕೆಲವು ಹಂತಗಳಿಗೆ ಐದು ನಿಮಿಷ ಸಾಕು, ಇನ್ನು ಕೆಲವಕ್ಕೆ ತಿಂಗಳು ಬೇಕು.

ಮೊದಲ ಹಂತ: ಯಾವ ಬಗೆಯ ಕೊಡುಗೆ ಎಂಬುದನ್ನು ಗುರುತಿಸಿ

ಕೊಡುವುದಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ, ಅವು ಒಂದರ ಬದಲು ಇನ್ನೊಂದು ಬಳಸುವಂಥವಲ್ಲ. ‘ಕಾಣಿಕೆ’ ಎಂಬ ಪದ ಹುಟ್ಟಿದ್ದು ‘ಕಾಣ್’ ಎಂಬ ಧಾತುವಿನಿಂದ. ದೇವರನ್ನೋ ಹಿರಿಯರನ್ನೋ ಕಾಣಲು ಹೋಗುವಾಗ ಕೈಯಲ್ಲಿ ಒಯ್ಯುವುದು ಕಾಣಿಕೆ. ‘ಉಡುಗೊರೆ’ಯ ಮೊದಲಲ್ಲೇ ‘ಉಡು’ ಎಂಬುದು ಕೇಳಿಸುತ್ತದೆ. ಮದುವೆಯಲ್ಲಿ ಸೀರೆ, ಪಂಚೆ, ರವಿಕೆ ಕಣ ಕೊಡುವ ಪದ್ಧತಿ ಇಂದಿಗೂ ಆ ಪದದ ಜೊತೆಗೇ ನಡೆಯುತ್ತಿದೆ. ‘ಮುಯ್ಯಿ’ ಎಂಬುದಂತೂ ಇವೆಲ್ಲಕ್ಕಿಂತ ಬಿಗಿಯಾದ ಪದ. ಮದುವೆ, ಮುಂಜಿ, ಗೃಹಪ್ರವೇಶಗಳಲ್ಲಿ ಕೊಡುವುದು ಮುಯ್ಯಿ. ಒಬ್ಬರ ಗದ್ದೆಯ ನಾಟಿಗೆ ಇನ್ನೊಬ್ಬರು ಹೋಗಿ, ಆಮೇಲೆ ಅವರು ಇವರ ಗದ್ದೆಗೆ ಬಂದು ದುಡಿದು ತೀರಿಸಿದರೆ ಅದು ಮುಯ್ಯಾಳು. ಸೇಡು ತೀರಿಸಿಕೊಳ್ಳುವುದಕ್ಕೂ ‘ಮುಯ್ಯಿಗೆ ಮುಯ್ಯಿ’ ಎಂದೇ ಹೇಳುತ್ತೇವೆ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಬಂದದ್ದು ಹಿಂದಿರುಗಲೇಬೇಕು ಎಂಬ ಲೆಕ್ಕ ಆ ಒಂದು ಪದದಲ್ಲಿದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೌಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಕೊಡುವುದು, ತೆಗೆದುಕೊಳ್ಳುವುದು, ಹಿಂದಿರುಗಿಸುವುದು ಎಂಬ ಮೂರು ಕಟ್ಟುಪಾಡುಗಳನ್ನು ಗುರುತಿಸಿದರು. ಮುಯ್ಯಿ ಬರೆದುಕೊಳ್ಳಲು ಮದುವೆ ಮನೆಯ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ಕೂರುತ್ತಿದ್ದ ನಮ್ಮ ಚಿಕ್ಕಪ್ಪಂದಿರಿಗೆ ಈ ಮಾತು ಹೊಸದೆನಿಸುತ್ತಿರಲಿಲ್ಲ.

ಇವುಗಳಲ್ಲದೆ ‘ಬೀರುವುದು’ ಎಂಬುದೊಂದಿದೆ. ಸಂಕ್ರಾಂತಿಯಂದು ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜಗಳನ್ನು ಬೆರೆಸಿ, ಸಕ್ಕರೆ ಅಚ್ಚಿನ ಜೊತೆ ಮನೆಮನೆಗೆ ಕೊಟ್ಟು ಬರುವುದನ್ನು ನಾವು ಹಂಚುವುದು ಎನ್ನುವುದಿಲ್ಲ, ಎಳ್ಳು ಬೀರುವುದು ಎನ್ನುತ್ತೇವೆ. ಉತ್ತರ ಕರ್ನಾಟಕದಲ್ಲಿ ದಸರೆಯ ಸಂಜೆ ಬನ್ನಿಯ ಎಲೆಯನ್ನು ಕೈಗಿತ್ತು, ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದು ಹೇಳಿ ಹಿರಿಯರ ಕಾಲಿಗೆರಗುತ್ತಾರೆ. ಆ ಎಲೆಗೆ ಬೆಲೆಯಿಲ್ಲ, ಆದರೆ ಯಾರ ಮನೆಗೆ ಹೋಗಲಿಲ್ಲ ಎಂಬುದನ್ನು ಊರು ಮರೆಯುವುದಿಲ್ಲ. ಗೌರಿ ಹಬ್ಬದ ಮೊರದ ಬಾಗಿನದಲ್ಲಿ ಅರಿಶಿನ, ಕುಂಕುಮ, ಬಳೆ, ಕರಿಮಣಿ, ಕನ್ನಡಿ, ಬಾಚಣಿಗೆ, ರವಿಕೆ ಕಣ, ತೆಂಗಿನಕಾಯಿ, ಅಕ್ಕಿ-ಬೇಳೆ-ಬೆಲ್ಲಗಳು ಇಂತಿಂಥವೇ ಎಂದು ಗೊತ್ತಾಗಿರುತ್ತವೆ.

ಈ ಭೇದಗಳನ್ನು ತಿಳಿದುಕೊಳ್ಳುವುದರಿಂದ ಆಗುವ ಉಪಯೋಗವೆಂದರೆ, ಎಲ್ಲಿ ಯೋಚಿಸಬೇಕು, ಎಲ್ಲಿ ಯೋಚಿಸಬೇಕಾಗಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಮುಯ್ಯಿಯಲ್ಲಿ ಅವರು ನಮ್ಮ ಮನೆಯ ಹಿಂದಿನ ಕಾರ್ಯಕ್ಕೆ ಏನು ಕೊಟ್ಟಿದ್ದರು ಎಂಬುದನ್ನು ನೋಡಿಕೊಳ್ಳಿ. ಬೀರುವ ಕಡೆ ವಸ್ತುವಿನ ಯೋಚನೆ ಬಿಟ್ಟು ಮನೆಗಳ ಪಟ್ಟಿಯನ್ನು ನೋಡಿ, ಒಂದು ಮನೆಯೂ ಬಿಟ್ಟುಹೋಗಬಾರದು. ಬಾಗಿನದಲ್ಲಿ ನಿಮ್ಮ ಜಾಣತನ ಬೇಡ, ಮನೆಯ ಹಿರಿಯರು ಹೇಳಿದ ಪಟ್ಟಿಯಂತೆ ಇಡಿ. ಕಾಣಿಕೆಯಲ್ಲಿ ಮಾತ್ರ ವ್ಯಕ್ತಿಯನ್ನೇ ನೋಡಬೇಕು, ಮುಂದಿನ ಹಂತಗಳೆಲ್ಲ ಮುಖ್ಯವಾಗಿ ಅದಕ್ಕಾಗಿಯೇ ಇವೆ.

ಎರಡನೆಯ ಹಂತ: ದಿನಕ್ಕೊಂದು ಗಳಿಗೆ

ಗಮನವಿಟ್ಟು ನೋಡಬೇಕೆಂದು ತೀರ್ಮಾನಿಸಿದ ಮಾತ್ರಕ್ಕೆ ಅದು ಬಂದುಬಿಡುವುದಿಲ್ಲ. ಮನುಷ್ಯರ ಎದುರು ಅದನ್ನು ಬಳಸುವ ಮೊದಲು ಒಬ್ಬರೇ ಇರುವಾಗ ರೂಢಿಸಿಕೊಳ್ಳಬೇಕಾಗುತ್ತದೆ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬವರು 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರವೊಂದನ್ನು ಇಟ್ಟುಕೊಂಡು 25 ನಿಮಿಷ ಒಂದೇ ಕೆಲಸ, ಆಮೇಲೆ ಸಣ್ಣ ವಿರಾಮ ಎಂಬ ಪದ್ಧತಿ ಮಾಡಿಕೊಂಡರು. ಅದು ಜಗತ್ತಿನಾದ್ಯಂತ ಹರಡಿದೆ. ನಮ್ಮಲ್ಲಿ ಇದಕ್ಕೆ ಒಪ್ಪುವ ಅಳತೆ ಮೊದಲೇ ಇದೆ. ಹಗಲು ರಾತ್ರಿ ಸೇರಿದ ಒಂದು ದಿನಕ್ಕೆ 60 ಗಳಿಗೆ, ಅಂದರೆ ಒಂದು ಗಳಿಗೆಗೆ 24 ನಿಮಿಷ. ತಳದಲ್ಲಿ ಸಣ್ಣ ತೂತಿರುವ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವ ತನಕದ ಹೊತ್ತನ್ನು ಒಂದು ಗಳಿಗೆಯೆಂದು ಎಣಿಸುತ್ತಿದ್ದರು. ನೀವು ಬಟ್ಟಲು ಹುಡುಕಬೇಕಾಗಿಲ್ಲ, ಒಂದು ಅಲಾರಂ ಗಡಿಯಾರ ಸಾಕು. ಫೋನಿನಲ್ಲಿರುವ ಅಲಾರಂ ಮಾತ್ರ ಬೇಡ, ಏಕೆಂದರೆ ಅದನ್ನು ಹಚ್ಚಲು ಹೋದವರು ಹಿಂದಿರುಗುವುದು ಹತ್ತು ನಿಮಿಷದ ಮೇಲೆಯೇ.

ಮೊದಲ ಎರಡು ವಾರ ಕೈ ಮತ್ತು ಕಣ್ಣು ಎರಡಕ್ಕೂ ಕೆಲಸವಿರುವ ಒಂದು ಕೆಲಸವನ್ನು ಆರಿಸಿಕೊಳ್ಳಿ. ಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು, ಬಟ್ಟೆಗೆ ಇಸ್ತ್ರಿ ಮಾಡುವುದು, ಪುಸ್ತಕದ ಒಂದು ಅಧ್ಯಾಯ ಓದುವುದು, ಯಾವುದೂ ಆಗಬಹುದು. ಫೋನನ್ನು ಬೇರೆ ಕೋಣೆಯಲ್ಲಿಡಿ, ಪಕ್ಕದಲ್ಲಿ ಒಂದು ತುಂಡು ಕಾಗದ ಮತ್ತು ಪೆನ್ಸಿಲ್ ಇಟ್ಟುಕೊಳ್ಳಿ. ಮನಸ್ಸು ಬೇರೆಡೆ ಹೋದದ್ದು ಗೊತ್ತಾದಾಗಲೆಲ್ಲ ಕಾಗದದ ಮೇಲೆ ಒಂದು ಗೆರೆ ಎಳೆದು, ತನ್ನನ್ನು ತಾನು ಬೈದುಕೊಳ್ಳದೆ, ಕೆಲಸಕ್ಕೆ ಮರಳಿ. ಮೆಂತ್ಯದ ಕಟ್ಟೊಂದನ್ನು ಬಿಡಿಸುತ್ತ ನಾನು ಮೊದಲ ದಿನ ಎಳೆದದ್ದು 19 ಗೆರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಯಾರಿಗೋ ಉತ್ತರ ಕೊಡುವುದು ಬಾಕಿ ಇದೆ ಎಂಬ ನೆನಪಿನಿಂದ ಬಂದವು. ಗೆರೆಗಳು ಕಡಿಮೆಯಾಗಬೇಕೆಂದು ಹಟ ಹಿಡಿಯುವ ಅಗತ್ಯವಿಲ್ಲ. ಅಲೆಯುವುದು ಮನಸ್ಸಿನ ಸಹಜ ಗುಣ. ಅಲೆದದ್ದು ಬೇಗ ಗೊತ್ತಾಗುವುದೇ ಇಲ್ಲಿ ನಾವು ಕಲಿಯುವ ವಿದ್ಯೆ. ಮೂರನೆಯ ವಾರದಿಂದ ನಡುವೆ ಐದು ನಿಮಿಷ ಬಿಟ್ಟು ಎರಡು ಗಳಿಗೆ ಮಾಡಬಹುದು. ಅದಕ್ಕಿಂತ ಹೆಚ್ಚು ಮಾಡುವ ಉತ್ಸಾಹ ಬಂದರೆ ತಡೆದುಕೊಳ್ಳಿ. ಉಪವಾಸ ಮಾಡುವವರಂತೆ ಒಂದೇ ದಿನ ಆವೇಶದಿಂದ ಮಾಡಿ ಮರುದಿನ ಬಿಟ್ಟವರನ್ನೇ ನಾನು ಹೆಚ್ಚು ನೋಡಿದ್ದೇನೆ.

ಈ ಗಳಿಗೆಯೊಳಗೆ ಎರಡು ಕೆಲಸ ಬೇಡ ಎನ್ನುವುದಕ್ಕೆ ಕಾರಣವಿದೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿ, ಅದನ್ನು ಗಮನದ ಶೇಷ ಎಂದು ಕರೆದರು. ಹುಳಿಯ ಸೌಟನ್ನು ತೊಳೆಯದೆ ಪಾಯಸದ ಪಾತ್ರೆಗೆ ಹಾಕಿದ ಹಾಗೆ ಅದು.

ಮೂರನೆಯ ಹಂತ: ಭೇಟಿಯಲ್ಲಿ ಕಣ್ಣಿಗೆ ಕೆಲಸ ಕೊಡಿ

ತಿಂಗಳ ಅಭ್ಯಾಸದ ನಂತರ ಒಂದು ಗಳಿಗೆಯನ್ನು ಒಬ್ಬ ವ್ಯಕ್ತಿಗೆ ಮೀಸಲಿಡಿ. ಅವರ ಮನೆಗೆ ಹೋದಾಗ ಫೋನನ್ನು ಚೀಲದೊಳಗೆ, ಸಾಧ್ಯವಾದರೆ ಚೀಲವನ್ನು ಬಾಗಿಲ ಬಳಿ ಇಟ್ಟುಬಿಡಿ. ಮೇಜಿನ ಮೇಲೆ ಮುಖ ಕೆಳಗಾಗಿ ಇಟ್ಟ ಫೋನು ಇಟ್ಟವರಿಗೆ ಸೌಜನ್ಯದಂತೆ ತೋರಿದರೂ, ಎದುರಿಗಿರುವವರಿಗೆ ‘ಇವರು ಯಾವ ಕ್ಷಣದಲ್ಲಾದರೂ ಎದ್ದುಹೋಗಬಹುದು’ ಎಂದೇ ಕಾಣುತ್ತದೆ.

‘ನಿಮಗೇನು ಬೇಕು’ ಎಂದು ಕೇಳಬೇಡಿ. ನಮ್ಮ ಮನೆಗಳಲ್ಲಿ, ಅದರಲ್ಲೂ ಹಿರಿಯರಲ್ಲಿ, ಈ ಪ್ರಶ್ನೆಗೆ ‘ನಂಗೇನು ಬೇಕು, ಏನೂ ಬೇಡಪ್ಪ’ ಎಂಬ ಒಂದೇ ಉತ್ತರವಿದೆ. ಅದರ ಬದಲು ಬೆಳಗ್ಗೆ ಎದ್ದ ಮೇಲೆ ಏನೇನು ಮಾಡುತ್ತೀರಿ ಎಂದು ಕೇಳಿ, ಕೇಳುತ್ತ ಅವರ ಕೈಗಳನ್ನು ನೋಡಿ. ಕುಳಿತಲ್ಲಿಂದ ಕೈಗೆಟುಕುವಂತೆ ಯಾವ ವಸ್ತುಗಳನ್ನು ಇಟ್ಟುಕೊಂಡಿದ್ದಾರೆ, ಯಾವುದಕ್ಕೆ ದಾರ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಬಳಸುತ್ತಿದ್ದಾರೆ, ಏಳುವಾಗ ಏನನ್ನು ಹಿಡಿದು ಏಳುತ್ತಾರೆ, ಪಂಚಾಂಗವನ್ನು ಎಷ್ಟು ದೂರ ಹಿಡಿದು ಓದುತ್ತಾರೆ, ಟಿವಿಯ ಸದ್ದು ಎಷ್ಟಿದೆ ಎಂಬವು ಅಂಗಡಿಯವನು ಹೇಳಲಾರದ ಸಂಗತಿಗಳು. ಮನುಷ್ಯರು ತಮ್ಮ ಕೊರತೆಗಳನ್ನು ಬಾಯಲ್ಲಿ ಹೇಳುವುದಿಲ್ಲ, ದುರಸ್ತಿಗಳಲ್ಲಿ ತೋರಿಸುತ್ತಾರೆ. ಕನ್ನಡಕದ ಕಡ್ಡಿಗೆ ಸುತ್ತಿದ ಬಿಳಿ ನೂಲು ಅಂಥದೊಂದು ಮಾತು.

ಹೊರಟ ಮೇಲೆ ಬಸ್ಸಿನಲ್ಲೋ ಕಾರಿನಲ್ಲೋ ಕುಳಿತು ಕಂಡ ಮೂರು ಸಂಗತಿಗಳನ್ನು, ಕೇಳಿದ ಎರಡು ಮಾತುಗಳನ್ನು ಮನಸ್ಸಿನಲ್ಲೇ ಮರಳಿ ಹೇಳಿಕೊಳ್ಳಿ. ಸಭೆಯಲ್ಲಿ ಹಲವರ ಸವಾಲುಗಳನ್ನು ಒಟ್ಟಿಗೆ ಎದುರಿಸುತ್ತ ಅಲ್ಲೇ ಪದ್ಯ ಕಟ್ಟುವ ಅವಧಾನ ಕಲೆಯಲ್ಲಿ ಇದಕ್ಕೆ ಧಾರಣೆ ಎಂಬ ಹೆಸರಿದೆ: ಸುತ್ತುಸುತ್ತಾಗಿ ಒಂದೊಂದೇ ಸಾಲು ಹೇಳುತ್ತ ನಾಲ್ಕು ಸುತ್ತುಗಳಲ್ಲಿ ಪೂರೈಸಿದ ಪದ್ಯಗಳನ್ನು, ಕಾಗದದ ನೆರವಿಲ್ಲದೆ, ಅವಧಾನಿ ಕೊನೆಯಲ್ಲಿ ಇಡಿಯಾಗಿ ಒಪ್ಪಿಸುತ್ತಾರೆ. ನಮಗೆ ಅಷ್ಟು ಶಕ್ತಿ ಬೇಡ, ಮನೆ ತಲುಪಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ಒಬ್ಬೊಬ್ಬರಿಗೆ ಒಂದು ಪುಟ, ದಿನಾಂಕ, ಮೂರು ಸಾಲು. ನನ್ನ ದೊಡ್ಡಮ್ಮನ ಪುಟದಲ್ಲಿ ಮೊದಲು ಬರೆದದ್ದು ‘ಲೋಟ, ಎರಡು ಕೈ’ ಎಂದು. ಭೇಟಿಯ ಹೊತ್ತಿನಲ್ಲೇ ಬರೆಯಲು ಕೂರಬೇಡಿ, ಜನಗಣತಿಗೆ ಬಂದವರಂತೆ ಕಾಣುತ್ತೀರಿ.

ನಾಲ್ಕನೆಯ ಹಂತ: ಅಪ್ರಸ್ತುತ ಪ್ರಸಂಗವನ್ನು ಎದುರಿಸುವುದು

ಇಷ್ಟೆಲ್ಲ ಹೇಳಿದರೂ ಅಡ್ಡಿಗಳು ಬಂದೇ ಬರುತ್ತವೆ. ಗ್ಯಾಸ್ ಸಿಲಿಂಡರ್ ಬರುತ್ತದೆ, ಪಕ್ಕದ ಮನೆಯ ಹುಡುಗ ಚೆಂಡು ಕೇಳಲು ಬರುತ್ತಾನೆ. ಅಡ್ಡಿಯೇ ಇಲ್ಲದ ಬದುಕನ್ನು ಏಕಾಗ್ರತೆಯ ಷರತ್ತಾಗಿ ಇಟ್ಟುಕೊಂಡರೆ ಅದು ಯಾರಿಗೂ ದಕ್ಕುವುದಿಲ್ಲ. ಅವಧಾನ ಎಂಬ ಪದದ ಅರ್ಥವೇ ಗಮನ. ಆದರೂ ಎಂಟು ಮಂದಿ ಪ್ರಶ್ನೆ ಕೇಳುವ ಅಷ್ಟಾವಧಾನವನ್ನು ರೂಪಿಸಿದವರು ಅಡ್ಡಿಪಡಿಸುವುದಕ್ಕೆಂದೇ ಒಬ್ಬ ಪೃಚ್ಛಕನನ್ನು, ಅಂದರೆ ಪ್ರಶ್ನೆ ಕೇಳುವವನನ್ನು, ವೇದಿಕೆಯ ಮೇಲೆ ಕೂರಿಸಿದ್ದಾರೆ ಎಂಬುದು ನನಗೆ ಯಾವಾಗಲೂ ಸೋಜಿಗದ ಸಂಗತಿ. ಸಮಸ್ಯಾಪೂರಣ, ದತ್ತಪದಿ, ನಿಷೇಧಾಕ್ಷರಿ ಮುಂತಾದ ಪದ್ಯರಚನೆಯ ಸವಾಲುಗಳನ್ನು ಕೇಳುವವರ ನಡುವೆ ಅಪ್ರಸ್ತುತ ಪ್ರಸಂಗದವರು ಯಾವ ಕ್ಷಣದಲ್ಲಾದರೂ ಬಾಯಿ ಹಾಕಿ, ಸಾರಿನ ಪುಡಿಯಿಂದ ಹಿಡಿದು ರಾಜಕಾರಣದವರೆಗೆ ಏನನ್ನಾದರೂ ಕೇಳಬಹುದು. ಕನ್ನಡದಲ್ಲಿ ಈ ಕಲೆಗೆ ಹೊಸ ಜೀವ ಕೊಟ್ಟ ಶತಾವಧಾನಿ ಆರ್. ಗಣೇಶ್ ಅವರ ಅವಧಾನವನ್ನು ಕೇಳಿದವರಿಗೆ ಗೊತ್ತು, ಸಭೆ ಹೆಚ್ಚು ನಗುವುದು ಆ ಹೊತ್ತಿನಲ್ಲೇ. ಅವಧಾನಿ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳದವರಂತೆ ಕೂರುವುದಿಲ್ಲ. ಉತ್ತರಿಸಿ, ನಗಿಸಿ, ಬಿಟ್ಟ ಅಕ್ಷರದಿಂದಲೇ ಪದ್ಯವನ್ನು ಮುಂದುವರಿಸುತ್ತಾರೆ.

ನಮ್ಮ ಅಳತೆಗೆ ಇದನ್ನು ಇಳಿಸಿಕೊಳ್ಳುವುದು ಹೀಗೆ. ಯಾರಾದರೂ ಕರೆದಾಗ ಏಳುವ ಮೊದಲು, ಎಲ್ಲಿ ನಿಲ್ಲಿಸಿದ್ದೇನೆ, ಮುಂದಿನ ಹೆಜ್ಜೆ ಏನು ಎಂಬುದನ್ನು ಅರ್ಧ ಸಾಲಿನಲ್ಲಿ ಬರೆದಿಡಿ. ‘ನಾಲ್ಕನೇ ಪುಟ ಆಯಿತು, ಮುಂದೆ ಖರ್ಚಿನ ಪಟ್ಟಿ’ ಎಂಬಷ್ಟು ಸಾಕು. ಆಮೇಲೆ ಬಂದವರ ಕಡೆಗೆ ಪೂರ್ತಿಯಾಗಿ ತಿರುಗಿ. ಅರ್ಧ ಕಣ್ಣು ಪರದೆಯ ಮೇಲಿಟ್ಟು ‘ಹೇಳು, ಕೇಳಿಸ್ತಿದೆ’ ಎನ್ನುವುದರಿಂದ ಕೆಲಸವೂ ಸಾಗುವುದಿಲ್ಲ, ಹೇಳುವವರಿಗೂ ಸಮಾಧಾನವಾಗುವುದಿಲ್ಲ. ಮಕ್ಕಳಂತೂ ಈ ‘ಕೇಳಿಸ್ತಿದೆ’ಯನ್ನು ಒಂದೇ ವಾರದಲ್ಲಿ ಕಂಡುಹಿಡಿದು, ಬೇಕಾದ್ದಕ್ಕೆಲ್ಲ ಆ ಹೊತ್ತಿನಲ್ಲೇ ಒಪ್ಪಿಗೆ ಪಡೆಯುತ್ತಾರೆ.

ಐದನೆಯ ಹಂತ: ಆಯ್ಕೆ

ಉಡುಗೊರೆ ಕೊಳ್ಳಲು ಹೊರಡುವ ಹಿಂದಿನ ದಿನ ನೋಟ್‌ಬುಕ್ಕಿನ ಆ ಪುಟವನ್ನು ತೆರೆದು ಒಂದು ಗಳಿಗೆ ಕೂರಿ. ಅಂಗಡಿಯೊಳಗೆ ಹೋದ ಮೇಲೆ ಯೋಚಿಸುತ್ತೇನೆ ಎಂದವರೇ ಗೋಡೆ ಗಡಿಯಾರ ಹಿಡಿದು ಹೊರಬರುವುದು. ಮನಸ್ಸಿಗೆ ಬಂದ ಪ್ರತಿ ವಸ್ತುವಿನ ಮುಂದೆ, ಅವರ ಮನೆಯಲ್ಲಿ ಇದು ಎಲ್ಲಿ ಕೂರುತ್ತದೆ, ವಾರದಲ್ಲಿ ಎಷ್ಟು ಬಾರಿ ಅವರ ಕೈಗೆ ಬರುತ್ತದೆ ಎಂದು ಕೇಳಿಕೊಳ್ಳಿ. ಉತ್ತರ ‘ಅಟ್ಟ’ ಎಂದಾದರೆ ಹೊಡೆದುಹಾಕಿ. ಮೂರನೆಯ ಪ್ರಶ್ನೆ ಇವೆರಡಕ್ಕಿಂತ ಸೂಕ್ಷ್ಮವಾದದ್ದು, ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ: ಇದಕ್ಕೆ ಅವರು ಮುಯ್ಯಿ ತೀರಿಸಬಲ್ಲರೇ? ತೀರಿಸಲಾರದಷ್ಟು ದೊಡ್ಡ ಉಡುಗೊರೆ ತೆಗೆದುಕೊಂಡವರನ್ನು ಕುಗ್ಗಿಸುತ್ತದೆ. ಸಂಬಳ ಕಡಿಮೆಯಿರುವ ಗೆಳೆಯನ ಮಗನ ನಾಮಕರಣಕ್ಕೆ ಬೆಳ್ಳಿ ಬಟ್ಟಲು ಕೊಟ್ಟು ಬಂದವರು ತಮ್ಮ ಮನೆಯ ಮುಂದಿನ ಕಾರ್ಯಕ್ಕೆ ಅವನು ಏಕೆ ಬರಲಿಲ್ಲ ಎಂದು ಬೇಸರಪಟ್ಟುಕೊಳ್ಳುವುದುಂಟು. ಅವನು ಬರದೇ ಇದ್ದದ್ದು ಆ ಬಟ್ಟಲಿನಿಂದಲೇ ಇರಬಹುದು.

ನಮ್ಮ ನೆಲದ ವಸ್ತುವೊಂದನ್ನು ಕೊಡುವುದಾದರೆ ಅದರ ಬಗ್ಗೆ ಒಂದು ಸಂಗತಿಯನ್ನಾದರೂ ತಿಳಿದುಕೊಂಡು ಕೊಡಿ. ಚನ್ನಪಟ್ಟಣದ ಬೊಂಬೆಯನ್ನು ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿರುತ್ತಾರೆ. ಇಳಕಲ್ ಸೀರೆಯ ಒಡಲನ್ನೂ ಸೆರಗನ್ನೂ ನೇಯುವ ಮೊದಲೇ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿರುತ್ತಾರೆ. ಗುಳೇದಗುಡ್ಡದ ಖಣ ಎಂಬ ರವಿಕೆ ಬಟ್ಟೆ ಕಪಾಟಿನಲ್ಲಿ ಮಡಚಿಡುವಂಥದಲ್ಲ, ಹೊಲಿಸಿ ತೊಡುವಂಥದು. ರವಿಕೆ ಕಣದ ವಿಷಯ ಬಂದದ್ದರಿಂದ ಹೇಳುತ್ತೇನೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಅರಿಶಿನ ಕುಂಕುಮದ ತಟ್ಟೆಯಲ್ಲಿ ತಿರುಗುತ್ತ, ಯಾರ ಮೈಗೂ ಏರದೆ, ಕೊನೆಗೆ ಮೊದಲು ಕೊಟ್ಟವರ ಕೈಗೇ ಮರಳುವ ಪಾಲಿಸ್ಟರ್ ಕಣಗಳನ್ನು ಕೊಳ್ಳುವ ಹಣದಲ್ಲಿ ಅರ್ಧ ಸಂಖ್ಯೆಯ ಹತ್ತಿಯ ಕಣ ಕೊಂಡರೆ ಯಾರಾದರೂ ಒಬ್ಬರು ಹೊಲಿಸಿಕೊಳ್ಳುತ್ತಾರೆ. ಚಾಕು, ಕತ್ತರಿಗಳನ್ನು ಉಡುಗೊರೆಯಾಗಿ ಕೊಡಬಾರದು ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ನಿಮಗೆ ನಂಬಿಕೆ ಇಲ್ಲದಿದ್ದರೂ ತೆಗೆದುಕೊಳ್ಳುವವರಿಗೆ ಇರಬಹುದಾದ್ದರಿಂದ ಅದನ್ನು ಗೌರವಿಸುವುದೇ ಸರಿ.

ಆರನೆಯ ಹಂತ: ಕೈಗೆ ಕೊಡುವ ಹೊತ್ತು

ಬೆಲೆಯ ಚೀಟಿ ತೆಗೆದಿದೆಯೇ ನೋಡಿಕೊಳ್ಳಿ. ಹಿರಿಯರಿಗಾದರೆ ಎರಡೂ ಕೈಗಳಿಂದ, ಶುಭಕಾರ್ಯದಲ್ಲಾದರೆ ಎಲೆ ಅಡಿಕೆ ಹಣ್ಣಿನ ಜೊತೆ ಕೊಡಿ. ಹಣ ಕೊಡುವುದಾದರೆ 100ರ ಬದಲು 101, 500ರ ಬದಲು 501 ಕೊಡುವ ರೂಢಿಗೆ ಹಲವು ಅರ್ಥ ಹೇಳುತ್ತಾರೆ. ಸೊನ್ನೆಯಲ್ಲಿ ಲೆಕ್ಕ ಮುಗಿದುಹೋಗದಿರಲಿ, ಮುಂದಿನದಕ್ಕೆ ಒಂದು ಉಳಿದಿರಲಿ ಎಂಬ ಅರ್ಥ ನನಗೆ ಹಿಡಿಸಿದೆ. ಕವರಿನ ಮೇಲೆ ಹೆಸರಿನ ಜೊತೆ ಊರನ್ನೂ, ಯಾರ ಕಡೆಯವರು ಎಂಬುದನ್ನೂ ಬರೆಯಿರಿ. ‘ರಮೇಶ, ಬೆಂಗಳೂರು’ ಎಂದು ಬರೆದ ಕವರುಗಳು ಒಂದೇ ಮದುವೆಯಲ್ಲಿ ನಾಲ್ಕು ಸಿಕ್ಕಿ, ಮುಯ್ಯಿ ಬರೆಯುವವರು ತಲೆ ಕೆರೆದುಕೊಂಡದ್ದನ್ನು ನೋಡಿದ್ದೇನೆ. ಆರತಕ್ಷತೆಯ ಸಾಲಿನಲ್ಲಿ ನಿಂತು ಫೋಟೊಗೆ ಮುಖ ಕೊಟ್ಟು ಇಳಿಯುವ ಕಡೆ ಇದಕ್ಕಿಂತ ಹೆಚ್ಚಿನದೇನನ್ನೂ ಮಾಡಲಾಗುವುದಿಲ್ಲ. ಆಮಂತ್ರಣದಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿದ್ದರೆ ಆ ಮಾತನ್ನು ನಂಬಿ. ಕೊಡಲೇಬೇಕೆನಿಸಿದರೆ ಗದ್ದಲ ಮುಗಿದು ಹದಿನೈದು ದಿನವಾದ ಮೇಲೆ ಅವರ ಮನೆಗೆ ಹೋಗಿ ಕೊಡಿ.

ಮನೆಯಲ್ಲಿ ಕೊಡುವಾಗ ಒಂದು ವಾಕ್ಯ ಹೇಳಿ. ವಸ್ತುವನ್ನು ಹೊಗಳುವ ವಾಕ್ಯ ಬೇಡ, ನೀವು ಕಂಡದ್ದನ್ನು ಹೇಳುವ ವಾಕ್ಯವಿರಲಿ. ದೊಡ್ಡಮ್ಮನಿಗೆ ಎರಡನೆಯ ಬಾರಿ ಕೊಟ್ಟದ್ದು ಎರಡೂ ಕಡೆ ಹಿಡಿಕೆಯಿರುವ, ಕಾಫಿ ಬಿಸಿ ಹೊರಗೆ ತಟ್ಟದಂತೆ ಎರಡು ಪದರ ಇರುವ ಸ್ಟೀಲ್ ಬಟ್ಟಲನ್ನು. ಕೈ ನಡುಗುವ ಮಾತನ್ನು ಎತ್ತದೆ, ‘ನೀವು ಎರಡೂ ಕೈಯಲ್ಲಿ ಹಿಡಿದು ಕುಡೀತೀರಲ್ಲ, ಅದಕ್ಕೆ’ ಎಂದಷ್ಟೇ ಹೇಳಿದೆ. ಅವರು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿ, ‘ಯಾವಾಗ ನೋಡಿದ್ಯೋ’ ಎಂದರು.

ಏಳನೆಯ ಹಂತ: ತೆಗೆದುಕೊಳ್ಳುವುದು ಮತ್ತು ಬರೆದಿಡುವುದು

‘ಇದೆಲ್ಲ ಯಾಕೆ ತರೋಕೆ ಹೋದ್ರಿ’ ಎನ್ನುವುದು ನಮ್ಮಲ್ಲಿ ಸ್ವೀಕಾರದ ಮೊದಲ ಸಾಲು, ಅದನ್ನು ಹೇಳಲೇಬೇಕು. ಹೇಳಿದ ಮೇಲೆ ವಸ್ತುವನ್ನು ಪಕ್ಕಕ್ಕೆ ಸರಿಸದೆ ಒಂದು ಕ್ಷಣ ಕೈಯಲ್ಲಿ ಹಿಡಿದಿರಿ. ತಂದವರ ಎದುರಿಗೇ ಬಿಚ್ಚಿ ನೋಡುವುದು ನಮ್ಮ ಎಷ್ಟೋ ಮನೆಗಳಲ್ಲಿ ರೂಢಿಯಿಲ್ಲದ್ದರಿಂದ, ಆಮೇಲೆ ಬಳಸಿದಾಗ ಒಂದು ಫೋನು ಮಾಡಿ ಹೇಳುವುದನ್ನು ಮರೆಯಬೇಡಿ. ಬಳಸಿದ ಸುದ್ದಿ ಕೊಟ್ಟವರಿಗೆ ಧನ್ಯವಾದಕ್ಕಿಂತ ಹೆಚ್ಚು ರುಚಿಸುತ್ತದೆ.

ಯಾರು ಏನು ಕೊಟ್ಟರು ಎಂದು ಬರೆದಿಡುವುದನ್ನು ವ್ಯವಹಾರಬುದ್ಧಿ ಎಂದು ಹಳಿಯುವವರಿದ್ದಾರೆ. ನಮ್ಮ ಅಜ್ಜಿಯ ಮುಯ್ಯಿ ಪುಸ್ತಕದಲ್ಲಿ ‘ಕಾಯಿ 1, ಕಣ 1, ರೂ. 2, ನಡೆದು ಬಂದರು’ ಎಂಬ ನಮೂದೊಂದಿದೆ. ‘ನಡೆದು ಬಂದರು’ ಎಂಬುದನ್ನು ಲೆಕ್ಕದ ಸಾಲಿನಲ್ಲೇ ಬರೆದವರನ್ನು ವ್ಯವಹಾರಿಗಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮದುವೆಯ ಮಟ್ಟಿಗೆ ಕಾನೂನು ಕೂಡ ಪಟ್ಟಿಯನ್ನು ಕೇಳುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ, ಯಾರೂ ಕೇಳದೆ ವಧೂವರರಿಗೆ ಕೊಟ್ಟ ಉಡುಗೊರೆ ವರದಕ್ಷಿಣೆಯಲ್ಲ, ಆದರೆ 1985ರ ನಿಯಮಗಳಂತೆ ಅವುಗಳ ಪಟ್ಟಿಯನ್ನು ಲಿಖಿತವಾಗಿ ಇಡಬೇಕು: ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ, ವಧೂವರರಿಬ್ಬರ ಸಹಿ. ಎಷ್ಟೋ ಕುಟುಂಬಗಳು ಇದನ್ನು ಮಾಡುವುದಿಲ್ಲ; ಮಾಡಿಟ್ಟರೆ ಹುಡುಗಿಯ ಹಕ್ಕಿಗೆ ಅದೊಂದು ಆಧಾರ. ಬೇಡಿಕೆಯಿಟ್ಟು ಪಡೆದದ್ದಕ್ಕೆ ಉಡುಗೊರೆಯೆಂಬ ಹೆಸರಿಟ್ಟರೂ ಅದು ಅಪರಾಧವೇ. ಆದಾಯ ತೆರಿಗೆಯ ವಿಷಯದಲ್ಲಿ, ಕಾನೂನು ಹೆಸರಿಸಿರುವ ಹತ್ತಿರದ ಸಂಬಂಧಿಕರಿಂದ ಬಂದ ಉಡುಗೊರೆಗೂ ಮದುವೆಯ ಸಂದರ್ಭದಲ್ಲಿ ವಧೂವರರಿಗೆ ಬಂದದ್ದಕ್ಕೂ ತೆರಿಗೆಯಿಲ್ಲ. ಉಳಿದವರಿಂದ ಒಂದು ವರ್ಷದಲ್ಲಿ ಬಂದ ಹಣ ಒಟ್ಟು 50,000 ರೂಪಾಯಿ ಮೀರಿದರೆ ಅಷ್ಟೂ ಆದಾಯಕ್ಕೆ ಸೇರುತ್ತದೆ.

ಎಂಟನೆಯ ಹಂತ: ತಿರುಗಿ ಕೊಡುವುದು

ಬಂದ ಮುಯ್ಯಿಯನ್ನು ಮರುವಾರವೇ, ಅಷ್ಟಕ್ಕಷ್ಟೇ ತೂಗಿ ತೀರಿಸಬೇಡಿ. ಹಾಗೆ ಮಾಡಿದರೆ ‘ನಿಮ್ಮ ಋಣ ನಮಗೆ ಬೇಡ’ ಎಂದು ಹೇಳಿದಂತಾಗುತ್ತದೆ. ಅವರ ಮನೆಯ ಸಂದರ್ಭಕ್ಕೆ ಕಾಯಿರಿ, ಸ್ವಲ್ಪ ಹೆಚ್ಚೋ ಕಡಿಮೆಯೋ ಇರಲಿ, ವಸ್ತು ಬೇರೆಯಾಗಿರಲಿ. ಸಂಬಂಧ ಉಳಿಯುವುದು ಲೆಕ್ಕ ಪೂರ್ತಿ ಸರಿಹೋಗದೆ ಇರುವುದರಿಂದ.

ದಿನನಿತ್ಯದ ಮಟ್ಟದಲ್ಲಿ ಇದಕ್ಕೆ ಪಾತ್ರೆಯ ನಿಯಮ ಸಾಕು. ಪಕ್ಕದ ಮನೆಯಿಂದ ತಿಂಡಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಇರಬೇಕು ಎಂದು ನಮ್ಮ ತಾಯಂದಿರು ಹೇಳುತ್ತಿದ್ದರು. ರಂಜಾನಿನಂದು ಸುರಕುಂಬಾ ಬಂದ ಡಬ್ಬಿ ದೀಪಾವಳಿಯ ಕಜ್ಜಾಯವನ್ನು ಹೊತ್ತು ಮರಳುವುದು, ಮಂಗಳೂರಿನ ಕಡೆ ಕ್ರಿಸ್‌ಮಸ್ಸಿಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ತಂದ ತಟ್ಟೆ ಚೌತಿಯ ಉಂಡೆಗಾಗಿ ಕಾಯುವುದು ಇದೇ ನಿಯಮದಿಂದ. ಈಗ ತಿಂಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ, ‘ಡಬ್ಬಿ ವಾಪಸ್ ಬೇಡ’ ಎಂಬ ಮಾತೂ ಜೊತೆಗೆ ಬರುತ್ತದೆ. ಬೇಡವೆಂದರೂ ತೊಳೆದು, ತುಂಬಿಸಿ ಹಿಂದಿರುಗಿಸಿ. ಬಾಗಿಲು ತಟ್ಟಲು ಅದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ.

ದೊಡ್ಡಮ್ಮ ಕಳೆದ ಬೇಸಗೆಯಲ್ಲಿ ನನಗೊಂದು ಸಣ್ಣ ಭರಣಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದರು. ಖಾರ ಕಡಿಮೆ ಹಾಕಿತ್ತು. ಎರಡು ವರ್ಷದ ಹಿಂದೆ ಊಟದ ನಡುವೆ ನಾನು ನೀರು ಕುಡಿದದ್ದನ್ನು ಅವರು ಗಮನಿಸಿದ್ದರಂತೆ. ಹೋದ ತಿಂಗಳು ಆ ಭರಣಿಯನ್ನು ತೊಳೆದು ಒಣಗಿಸಿ, ಅವರು ಅಗಿಯಬಲ್ಲಂಥ ಮೆತ್ತನೆಯ ಒಣದ್ರಾಕ್ಷಿ ತುಂಬಿ ಒಯ್ದಿದ್ದೆ. ಅವರು ‘ಬಾ’ ಎನ್ನುವುದಕ್ಕೂ ಮೊದಲು ಭರಣಿಯನ್ನು ತೆಗೆದುಕೊಂಡು, ಕಿವಿಯ ಬಳಿ ಹಿಡಿದು ಒಮ್ಮೆ ಅಲುಗಾಡಿಸಿ ನೋಡಿದರು.